ನಾನು ಬರೆದ ಒರತೆ

ನಕ್ಷೆ ಕಚೇರಿಗೆ ಸೇರಿದವನಿಗೆ ನಮ್ಮ ಕಾಲದಲ್ಲಿ ಮೊದಲು ಕಲಿಸುತ್ತಿದ್ದುದು ಉಸಿರು ಕಟ್ಟುವುದನ್ನು. ಪೆನ್ನು ಟ್ರೇಸಿಂಗ್ ಬಟ್ಟೆಯನ್ನು ಮುಟ್ಟುವ ಮುಂಚೆ ಉಸಿರೆಳೆದುಕೊಳ್ಳಬೇಕು, ಗೆರೆ ಮುಗಿಸಿ ಪೆನ್ನು ಎತ್ತಿದ ಮೇಲೆ ಬಿಡಬೇಕು. ನಡುವೆ ಬಿಟ್ಟರೆ ಗೆರೆ ನಡುಗುತ್ತದೆ. ಮೂವತ್ತು ಚಿಲ್ಲರೆ ವರ್ಷ ಹಾಗೆ ಉಸಿರು ಕಟ್ಟಿಕೊಂಡು ಕೂತವನು ನಾನು. ಈಗ ನಿವೃತ್ತನಾಗಿ ಮೈಸೂರಿನ ಕುಂಬಾರಕೊಪ್ಪಲಿನ ಮನೆಯ ಜಗಲಿಯಲ್ಲಿ ಧಾರಾಳವಾಗಿ ಉಸಿರಾಡುತ್ತಿದ್ದೇನೆ. ಆದರೂ ಎದೆ ಹಗುರವಾಗಿಲ್ಲ. ಹೊಸದಾಗಿ ಈ ಕೆಲಸಕ್ಕೆ ಸೇರುವವರಿಗೆ ಬಡ್ತಿ ಯಾವಾಗ, ರಜೆ ಎಷ್ಟು ಎಂದು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಹೇಳಹೊರಟಿರುವುದು ಒಂದು ಚುಕ್ಕಿಯ ವಿಚಾರ.

ನಮ್ಮ ಹೆಡ್ ಡ್ರಾಫ್ಟ್ಸ್‌ಮನ್ ವೆಂಕಟರಾಯರು. ಚಾಮರಾಜಪುರದಿಂದ ನಡೆದೇ ಬರುತ್ತಿದ್ದರು, ಮಳೆ ಇರಲಿ ಬಿಡಲಿ ಕೈಯಲ್ಲಿ ಕೊಡೆ. ನಮ್ಮ ಕೈ ಕೆಳಗೆ ಕರವಸ್ತ್ರ ಇಲ್ಲದಿದ್ದರೆ ಆ ಕೊಡೆಯ ತುದಿಯಿಂದ ಮೊಣಕೈಗೆ ತಿವಿಯುತ್ತಿದ್ದರು. ಬೆವರು ಬಿದ್ದರೆ ಬಟ್ಟೆ ಕೆಡುತ್ತದೆ. ನಾನು ಸೇರಿದ ಹೊಸದರಲ್ಲಿ ಒಂದು ಹಾಳು ನೊಣ ಶಾಯಿಯ ಬಾಟಲಿನ ಮೇಲೆ ಕೂತು, ಎದ್ದು, ನನ್ನ ನಕ್ಷೆಯ ಮೇಲೆ ಅಡ್ಡಾಡಿ ಹೋಯಿತು. ನಾನು ಊಟಕ್ಕೆ ಹೋಗಿದ್ದೆ. ಬಂದು ನೋಡಿದರೆ ರಾಯರು ಕನ್ನಡಕವನ್ನು ಹಣೆಗೇರಿಸಿ ಬಗ್ಗಿದ್ದಾರೆ.

"ಇದು ಯಾವ ಕಾಲುದಾರಿ ಕಣಯ್ಯಾ ನಂಜಪ್ಪಾ? ಕೆರೆ ಒಳಗೇ ಇಳಿದು ಆ ಕಡೆ ಹತ್ತಿದೆಯಲ್ಲ?"

"ನೊಣ ಸಾರ್."

"ನೊಣ ಸರ್ವೆ ಮಾಡಿದ್ದನ್ನ ನಾವು ಅಚ್ಚು ಹಾಕಿಸೋಕಾಗುತ್ತೇನಯ್ಯ? ಕೆರೆದು ಹಾಕು."

ಕಚೇರಿಯೆಲ್ಲ ನಕ್ಕಿತು. ನಾನು ಚಾಕುವಿನ ಅಲಗಿನಿಂದ ಒಂದೊಂದೇ ಚುಕ್ಕಿಯನ್ನು ಕೆರೆದೆ. ಅಷ್ಟು ಕಟ್ಟುನಿಟ್ಟು ಆ ಮನುಷ್ಯರದು. ಮೂಲದಲ್ಲಿ ಇರುವುದು ನಕಲಿನಲ್ಲಿ ಇರಬೇಕು, ಮೂಲದಲ್ಲಿ ಇಲ್ಲದ್ದು ನಕಲಿನಲ್ಲಿ ಇರಕೂಡದು ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ನಕಲು ಮುಗಿದ ಮೇಲೆ ತಾಳೆ ನೋಡುವುದು ಎಂದಿತ್ತು. ಒಬ್ಬರು ಮೂಲ ನೋಡಿ ಓದುತ್ತಾ ಹೋಗಬೇಕು, ಹಳ್ಳ, ಗುಡ್ಡ, ಗಡಿಕಲ್ಲು ಎಂದು. ಇನ್ನೊಬ್ಬರು ನಕಲು ನೋಡಿ "ಇದೆ", "ಇದೆ" ಎನ್ನುತ್ತಾ ಗೀಟು ಹಾಕಬೇಕು. ಪೂಜೆಯಲ್ಲಿ ಮಂತ್ರ ಹೇಳಿದ ಹಾಗೆ ಕೇಳುತ್ತಿತ್ತು ಅದು. ಇಷ್ಟೆಲ್ಲಾ ಮಾಡುವ ನಾವು ಯಾರೂ ಆ ಹಳ್ಳವನ್ನಾಗಲಿ ಗುಡ್ಡವನ್ನಾಗಲಿ ಕಣ್ಣಿಂದ ಕಂಡವರಲ್ಲ. ಕಾಣಬೇಕು ಎಂದು ಯಾರಿಗೂ ಅನ್ನಿಸಿರಲಿಲ್ಲ.

ಸ್ವಾತಂತ್ರ್ಯ ಬಂದ ಮಾರನೆಯ ವರ್ಷ ಹಳೆಯ ಕಾಡಿನ ನಕ್ಷೆಗಳನ್ನೆಲ್ಲ ಹೊಸದಾಗಿ ಬರೆಯಲು ಹುಕುಂ ಬಂತು. ನನ್ನ ಪಾಲಿಗೆ ಬಿದ್ದದ್ದು ಹೆಗ್ಗಡದೇವನಕೋಟೆಯ ಆಚೆಯ ಕಾಡಿನ ಒಂದು ಹಾಳೆ. ಎಷ್ಟೋ ವರ್ಷ ಎಂಟು ಮಡಿಕೆಯಾಗಿ ಬೀರುವಿನಲ್ಲಿ ಬಿದ್ದಿತ್ತು. ಬಿಡಿಸಿದರೆ ಮಡಿಕೆಯ ಮೂಲೆಯಲ್ಲಿ ನಾಲ್ಕಾಣೆ ಅಗಲದ ತೂತು, ಗೆದ್ದಲು ತಿಂದದ್ದು. ಒಂದು ಹಳ್ಳ ಕೆಳಗಿನಿಂದ ಬಂದು ಆ ತೂತಿನೊಳಗೆ ಹೋಗಿತ್ತು. ಮೇಲುಗಡೆ ಹೊರಗೆ ಬಂದಿರಲಿಲ್ಲ. ಅದು ಹುಟ್ಟಿದ್ದು ಎಲ್ಲಿ ಎನ್ನುವುದನ್ನು ಗೆದ್ದಲು ತಿಂದಿತ್ತು.

ರಾಯರ ಬಳಿಗೆ ಹೋದೆ. ಆ ವಾರದಲ್ಲಿ ಒಂಬತ್ತು ಹಾಳೆ ಮುಗಿಯಬೇಕಿತ್ತು, ಅವರಿಗೆ ತಲೆ ಕೆಟ್ಟಿತ್ತು.

"ಖಾಲಿ ಬಿಟ್ಟರೆ ಮೇಲಿನವರು ವಾಪಸು ಕಳಿಸ್ತಾರೆ ಕಣಯ್ಯ. ಹಳ್ಳ ಅಂದಮೇಲೆ ಎಲ್ಲಾದರೂ ಹುಟ್ಟಲೇಬೇಕು ತಾನೆ? ಅಲ್ಲೊಂದು ಒರತೆ ಹಾಕು."

ನೊಣವನ್ನು ಕ್ಷಮಿಸದವರು ಗೆದ್ದಲನ್ನು ಕ್ಷಮಿಸಿಬಿಟ್ಟರು. ಅವರ ಮೇಲೆ ಹೊರಿಸಿ ಕೈ ತೊಳೆದುಕೊಳ್ಳಲು ಇದನ್ನು ಹೇಳುತ್ತಿಲ್ಲ. ಮುಂದಿನದೆಲ್ಲ ನನ್ನ ಕೈಯದೇ.

ಒರತೆಗೆ ನಮ್ಮಲ್ಲಿ ಎರಡು ಗುರುತು. ಮಳೆಗಾಲದಲ್ಲಿ ಮಾತ್ರ ನೀರಿದ್ದರೆ ಒಳಗೆ ಖಾಲಿಯಿರುವ ಸಣ್ಣ ಬಳೆ. ವರ್ಷವಿಡೀ ನೀರಿದ್ದರೆ ತುಂಬಿದ ಚುಕ್ಕಿ. ಸುಳ್ಳು ಹೇಳುವುದಾದರೂ ಸಣ್ಣದು ಹೇಳೋಣ ಎಂದು ಬಳೆಯನ್ನೇ ಬರೆಯಹೋದೆ. ಪೆನ್ನಿನಲ್ಲಿ ಶಾಯಿ ಹೆಚ್ಚಾಗಿತ್ತು, ಬಳೆ ತುಂಬಿಕೊಂಡಿತು. ಕೆರೆಯಬಹುದಿತ್ತು. ಆದರೆ ಗೀಟುಗಳೆಲ್ಲ ಒತ್ತೊತ್ತಾಗಿದ್ದ ಜಾಗ, ಕೆರೆದರೆ ಬಟ್ಟೆ ಹರಿದು ಮೂರು ವಾರದ ಕೆಲಸ ಹಾಳಾಗುತ್ತಿತ್ತು. ಇರಲಿ ಬಿಡು ಎಂದುಕೊಂಡೆ. ತಾಳೆ ನೋಡುವಾಗ ರಾಯರೇ ಓದಿದರು. ತೂತಿನ ಬಳಿ ಬಂದಾಗ ಒಂದು ಗಳಿಗೆ ನಿಂತು, "ಒರತೆ?" ಎಂದರು. "ಇದೆ" ಎಂದೆ. ಇಬ್ಬರೂ ಸಹಿ ಮಾಡಿದೆವು. ಜೀರ್ಣವಾದ ಮೂಲ ಹಾಳೆಯನ್ನು ನಿಯಮದಂತೆ ಸುಟ್ಟರು.

ಮೂರು ನಾಲ್ಕು ವರ್ಷ ಕಳೆದ ಮೇಲೆ, ವರ್ಷವಿಡೀ ನೀರಿರುವ ಕಡೆಗೆಲ್ಲ ಹೆಸರು ಬರೆಯಬೇಕು ಎಂದು ಇನ್ನೊಂದು ಸುತ್ತೋಲೆ ಬಂತು. ಇಲ್ಲದ ನೀರಿಗೆ ಎಲ್ಲಿಯ ಹೆಸರು? ನಾಲ್ಕು ದಿನ ಮುಂದೂಡಿ, ಐದನೆಯ ದಿನ ನನ್ನ ಹೆಂಡತಿಯ ಹೆಸರು ಬರೆದೆ. ಗೌರಿ ಒರತೆ. ಆಗ ಅದು ನನಗೆ ಬಹಳ ಸೊಗಸಾದ ತಮಾಷೆ ಅನ್ನಿಸಿತ್ತು. ಮನೆಗೆ ಬಂದು ಗೌರಮ್ಮನಿಗೆ ಹೇಳಿದೆ. ಒರತೆಗೆ ಹೆಸರಿರಲಿಲ್ಲ, ನಿನ್ನದು ಇಟ್ಟೆ ಎಂದೆ. ಒರತೆಯೇ ಇರಲಿಲ್ಲ ಎಂದು ಹೇಳಲಿಲ್ಲ. ಅವಳು ನಾಚಿಕೊಂಡು ಬೈದಳು. ಮಾರನೆಯ ಬೆಳಗ್ಗೆ ಬೀದಿ ನಲ್ಲಿಯ ಮುಂದೆ, ಸರ್ಕಾರದ ನಕ್ಷೆಯಲ್ಲಿ ತನ್ನ ಹೆಸರಿದೆಯೆಂದು ಬಿಂದಿಗೆ ಹಿಡಿದವರಿಗೆಲ್ಲ ಹೇಳಿದ್ದಳು.

ಆಮೇಲೆ ಕೆಲಸದ ರೀತಿ ಬದಲಾಯಿತು. ಮೈಲಿ ಹೋಗಿ ಕಿಲೋಮೀಟರು ಬಂತು. ಪ್ರತಿ ಸಲವೂ ಆ ಹಾಳೆ ನನ್ನ ಮೇಜಿಗೇ ಬರುತ್ತಿತ್ತು. ಮುಖ್ಯವಾದ ಪ್ರತಿಗಳಲ್ಲಿ ನೀರಿಗೆ ಕುಂಚದಿಂದ ನೀಲಿ ತುಂಬಬೇಕು. ಆ ಚುಕ್ಕಿಗೆ ನಾನು ಎಷ್ಟು ಸಲ ನೀಲಿ ತುಂಬಿದೆನೋ ಲೆಕ್ಕವಿಲ್ಲ. ಇಲ್ಲಿ ಒಂದು ಮಾತನ್ನು ಯಾವ ಮರೆಮಾಚುವಿಕೆಯೂ ಇಲ್ಲದೆ ಹೇಳುತ್ತೇನೆ, ಕಿವಿಗೊಟ್ಟು ಕೇಳಿ. ನಾಲ್ಕೈದು ವರ್ಷ ಕಳೆಯುವ ಹೊತ್ತಿಗೆ ಅಲ್ಲಿ ನೀರಿದೆ ಎಂದು ನಾನೇ ನಂಬಿದ್ದೆ. ಬಂಡೆಯ ಸಂದಿಯಿಂದ ಜಿನುಗುವುದು, ಸುತ್ತ ಹಸಿರು ಪಾಚಿ, ಎಲ್ಲ ಕಣ್ಣಿಗೆ ಕಟ್ಟಿತ್ತು.

ಹೀಗೆ ಹದಿನಾಲ್ಕು ವರ್ಷವಾಯಿತು. ರಾಯರು ನಿವೃತ್ತರಾಗಿ ತೀರಿಕೊಂಡಿದ್ದರು. ಅವರ ಕುರ್ಚಿಯಲ್ಲಿ ನಾನು ಕೂತಿದ್ದೆ. ಹೊಸ ಸಾಹೇಬರೊಬ್ಬರು ಬಂದರು, ಚಿಕ್ಕ ವಯಸ್ಸು, ಓದಿಕೊಂಡವರು. ನಕ್ಷೆ ಬರೆಯುವವರು ನೆಲ ನೋಡಬೇಕು ಎಂದು ಅವರ ಹಟ. ಶಿವರಾತ್ರಿ ಕಳೆದ ಮೇಲೆ ಗಡಿಕಲ್ಲು ತಪಾಸಣೆಗೆ ಎಂಟು ದಿನ ಕಾಡಿಗೆ ಹೋಗಿ ಎಂದು ನನಗೆ ಹೇಳಿದರು. ನನಗೆ ಐವತ್ಮೂರು. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವುದನ್ನೂ ಬಿಟ್ಟು ಎಷ್ಟೋ ಕಾಲವಾಗಿತ್ತು. ಗೌರಮ್ಮ ಚಕ್ಕುಲಿ, ಅವಲಕ್ಕಿ ಕಟ್ಟಿಕೊಟ್ಟಳು. "ನನ್ ಬಾವಿ ನೋಡ್ಕಂಡ್ ಬನ್ನಿ" ಎಂದು ನಗುತ್ತಾ ಕಳಿಸಿದಳು. ಅವಳ ಬಾಯಲ್ಲಿ ಒರತೆ ಬಾವಿಯಾಗಿತ್ತು.

ಮೊದಲ ಮೂರು ದಿನ ನಿಜಕ್ಕೂ ಚೆನ್ನಾಗಿತ್ತು. ಜತೆಗೆ ಹೊಸದಾಗಿ ಆ ಕಡೆಗೆ ವರ್ಗವಾಗಿ ಬಂದಿದ್ದ ಗಾರ್ಡು ಬಸವಯ್ಯ, ದಾರಿ ತೋರಿಸಲು ಮಾರ ಎಂಬ ಜೇನುಕುರುಬರವನು. ನನ್ನ ಗೆರೆಗಳು ಒಂದೊಂದಾಗಿ ಹಳ್ಳವಾಗಿ, ದಿಣ್ಣೆಯಾಗಿ ಎದುರಿಗೆ ಬರುತ್ತಿದ್ದವು. ನಾನು ಮಗುವಿನ ಹಾಗೆ ಹಿಗ್ಗಿದೆ. ನಾಲ್ಕನೆಯ ದಿನ ನೀರಿನ ಪೀಪಾಯಿ ತರುವ ಗಾಡಿಯ ಅಚ್ಚು ಮುರಿಯಿತು. ನಾವು ಗಡಿಯ ತುದಿಯಲ್ಲಿದ್ದೆವು, ಬಿಸಿಲು ನೆತ್ತಿಗೇರಿತ್ತು, ಚೀಲದಲ್ಲಿದ್ದ ನೀರು ಮುಗಿದಿತ್ತು. ಬಸವಯ್ಯ ನಕ್ಷೆ ಬಿಡಿಸಿ ಬೆರಳಿಟ್ಟ.

"ಇಲ್ಲಿ ನೋಡಿ ಸ್ವಾಮಿ, ಗೌರಿ ಒರತೆ. ಅಡ್ಡ ಹಾಯ್ದುಬುಟ್ರೆ ಎರಡು ಗಂಟೆ."

"ಅಲ್ಲಿ ನೀರಿಲ್ಲ ಬುದ್ದಿ" ಎಂದ ಮಾರ. "ಹೊಳೆ ತಾವ್ಕೇ ಹೋಗ್‌ಬುಡಾನ. ದೂರಾದ್ರೂ ನೀರದೆ."

"ನಕ್ಷೆಗಿಂತ ನಿಂಗೆ ಗೊತ್ತೇನ್ಲಾ?"

"ನಮ್ ಹಾಡಿನೇ ಅಲ್ಲಿರೋದು ಬುದ್ದಿ. ನೀರು ನಿಮ್ ಕಾಗ್ದದಲ್ಲಿ ಐತೆ. ನೆಲದಲ್ಲಿಲ್ಲ."

ಹಾಡಿ ಎಂದರೆ ಅವರ ಗುಡಿಸಲುಗಳ ಕೇರಿ. ಬಸವಯ್ಯ ನನ್ನ ಕಡೆ ತಿರುಗಿದ. "ನೀವೇ ಬರ್ದೋರು ಸ್ವಾಮಿ. ನೀರಿದ್ಯೋ ಇಲ್ವೋ?"

ಅಲ್ಲೇ ಹುಟ್ಟಿ ಬೆಳೆದವನು ಇಲ್ಲ ಎಂದು ಮುಖಕ್ಕೆ ಹೇಳಿದ್ದಾನೆ. ಗೆದ್ದಲು ತಿಂದ ತೂತು ನನಗೆ ನೆನಪಿಗೆ ಬಂತೋ ಇಲ್ಲವೋ, ಈಗಲೂ ಪ್ರಮಾಣ ಮಾಡಿ ಹೇಳಲಾರೆ. ತಾಳೆ ನೋಡುವಾಗಿನ ಅದೇ ದನಿಯಲ್ಲಿ, "ಇದೆ" ಎಂದೆ. "ವರ್ಷವಿಡೀ ಇರುತ್ತೆ."

ಮಾರ ದಿಕ್ಕು ಬದಲಿಸಿದ. ಮುಂದೆ ನಡೆದ.

ಎರಡು ಗಂಟೆಯ ದಾರಿ ನಾಲ್ಕು ಗಂಟೆಯಾಯಿತು. ನಾಲಿಗೆ ಅಂಗುಳಿಗೆ ಅಂಟಿಕೊಂಡಿತು. ಎರಡು ಸಲ ಕುಸಿದು ಕೂತೆ. ಕೊನೆಯ ಒಂದು ಮೈಲಿ ಮಾರ ನನ್ನ ತೋಳಿನ ಕೆಳಗೆ ಭುಜ ಕೊಟ್ಟು, ಹೆಚ್ಚುಕಡಿಮೆ ಹೊತ್ತುಕೊಂಡೇ ನಡೆದ. ಇಲ್ಲೇ ಸಾಯುತ್ತೇನೆ, ಗೌರಮ್ಮನಿಗೆ ಯಾರು ಹೇಳುತ್ತಾರೆ ಎಂದು ಯೋಚಿಸಿದೆ. ಅಷ್ಟಾದರೂ ಮನಸ್ಸಿನ ಮೂಲೆಯಲ್ಲಿ, ಇನ್ನೇನು ಒರತೆ ಬಂತು ಎಂದೇ ಇತ್ತು.

ಬಂದದ್ದು ಒಂದು ಬೋಳು ದಿಣ್ಣೆ. ಎಂಟೋ ಒಂಬತ್ತೋ ಗುಡಿಸಲು. ಅವುಗಳ ನಡುವೆ ಮೂರು ಗುಂಡಿ, ಆಳೆತ್ತರದವು, ಮೂರೂ ಒಣಗಿದ್ದವು. ಮೂರನೆಯದರ ಒಂದು ಮಗ್ಗುಲು ಕುಸಿದಿತ್ತು. ಪಕ್ಕದಲ್ಲಿ ಅರಿಸಿನ ಕುಂಕುಮ ಹಚ್ಚಿದ ಒಂದು ಕಲ್ಲು. ಮಾರನ ಹೆಂಡತಿ ಕಾಳಿ ಸೋರೆ ಬುರುಡೆಯಲ್ಲಿ ನೀರು ತಂದು ನನ್ನ ಕೈಗೆ ಕೊಟ್ಟಳು. ಮಣ್ಣಿನ ಬಣ್ಣದ ನೀರು. ನಾನು ಉಸಿರು ಬಿಡದೆ ಕುಡಿದೆ. ಇನ್ನೊಂದು ಸಲ ಕೊಟ್ಟಳು, ಅದನ್ನೂ ಕುಡಿದೆ. ಎಲ್ಲಿಯದು ಎಂದು ಕೇಳುವಷ್ಟು ಬುದ್ಧಿ ಬಂದದ್ದು ಆಮೇಲೆ.

"ಹೊಳೇದು ಬುದ್ದಿ. ಬೆಳಕರಿಯಾಕೂ ಮುಂಚೆ ಹೋದ್ರೆ ಈ ಹೊತ್ಗೆ ಬತ್ತೀವಿ. ದಿನಾ ಇದೇಯ."

"ಹೊಳೆ ಬಿಟ್ಟು ಇಲ್ಯಾಕೆ ಗುಡಿಸಲು ಹಾಕಿದಿರಿ?"

ಮಾರ ಹೇಳಿದ. ಮೂರು ವರ್ಷದ ಹಿಂದೆ ಅರಣ್ಯ ಇಲಾಖೆಯವರು ಬಂದು, ಹೊಳೆ ದಡದಲ್ಲಿ ನೆಡುತೋಪು ಮಾಡುತ್ತೇವೆ, ನೀವು ಏಳಿ ಎಂದರಂತೆ. ಎಲ್ಲಿಗೆ ಹೋಗೋಣ ಎಂದು ಇವರು ಕೇಳಿದ್ದಕ್ಕೆ ನಕ್ಷೆ ಬಿಡಿಸಿ, ವರ್ಷವಿಡೀ ನೀರಿರುವ ಜಾಗವನ್ನೇ ಕೊಡುತ್ತೇವೆ ಎಂದು ಇಲ್ಲಿಗೆ ತಂದು ಬಿಟ್ಟರಂತೆ. ಈ ಹಾಡಿಯ ಹೆಸರೇ ಗೌರಿ ಒರತೆ ಹಾಡಿ.

ನಾನು ಆ ಕಲ್ಲಿನ ಕಡೆ ನೋಡಿದೆ. ಕಾಳಿ ಹೇಳಿದಳು, "ಅದು ಗೌರವ್ವ. ಸರ್ಕಾರದೋರ ಕಣ್ಗೆ ಕಂಡವ್ಳೆ. ನಮ್ಗೆ ಮಾತ್ರ ಮೊಕ ತೋರ್ತಾ ಇಲ್ಲ. ಏನ್ ತಪ್ ಮಾಡಿದ್ವೋ ಏನೋ. ಅಗೀತಾನೇ ಇದೀವಿ."

"ಆ ಮೂರ್ನೇ ಗುಂಡೀಲಿ ಮಣ್ ಕುಸೀತು ಬುದ್ದಿ" ಎಂದ ಮಾರ. "ನನ್ ತಮ್ಮ ಒಳಗಿದ್ದ. ಎಳ್ದು ಮೇಲಕ್ ತರೋ ಹೊತ್ಗೆ ಆಗೋಗಿತ್ತು."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಸುಲಭವಾಗುತ್ತಿತ್ತು. ನನ್ನ ಬಾಯಿಗೆ ಬಂದದ್ದು ಇಷ್ಟೇ: "ಮೈಸೂರಿಗೆ ಬಂದರೆ ನಮ್ಮ ಮನೆಗೆ ಬಾ ಮಾರ. ಕುಂಬಾರಕೊಪ್ಪಲು, ನಕ್ಷೆ ನಂಜಪ್ಪ ಅಂದರೆ ಯಾರಾದರೂ ತೋರಿಸ್ತಾರೆ." ಅವನ ಮನೆಯ ಇಡೀ ದಿನದ ನೀರು ಕುಡಿದು ನಾನು ಕೊಟ್ಟದ್ದು ವಿಳಾಸವನ್ನು.

ಉಳಿದ ದಿನ ನಿಲ್ಲಲಾಗಲಿಲ್ಲ, ಕಾಲು ಬಾತಿತ್ತು. ಮಾರನೆಯ ದಿನ ಮೈಸೂರಿನ ಬಸ್ಸು ಹತ್ತಿಸಿದರು. ಬಸ್ಸಿಳಿದು ಜಟಕಾದಲ್ಲಿ ನಮ್ಮ ಬೀದಿಗೆ ಬಂದಾಗ ಮಧ್ಯಾಹ್ನ. ಬೀದಿಯ ಮೂಲೆಯಲ್ಲಿ ನಲ್ಲಿಯ ಮುಂದೆ ಇಬ್ಬರು ಹೆಂಗಸರು ಸರದಿಗಾಗಿ ಜಗಳವಾಡುತ್ತಿದ್ದರು. ನೀರು ಬಿಂದಿಗೆ ತುಂಬಿ ಹೊರಗೆ ಚೆಲ್ಲಿ ಮೋರಿಗೆ ಹರಿಯುತ್ತಿತ್ತು. ಜಟಕಾ ನಿಲ್ಲಿಸಿ ಅದನ್ನು ನೋಡುತ್ತಾ ಕೂತೆ.

ಗೌರಮ್ಮ ಓಡಿ ಬಂದಳು. "ಅಯ್ಯೋ, ಏನ್ರೀ ಇದು ಕಾಲು ಇಂಗಾಗ್ಬುಟ್ಟದೆ! ಎಂಟ್ ದಿನ ಅಂದೋರು ಆಗ್ಲೇ ಬಂದ್ಬುಟ್ರಾ?" ಹಿಡಿದುಕೊಂಡು ಒಳಗೆ ಕರೆತಂದಳು. ಬಿಸಿನೀರು ಕಾಲಿಗೆ ಹುಯ್ದಳು. ಚೊಂಬಿನಲ್ಲಿ ನೀರು ಕೊಟ್ಟಳು. ಮುದ್ದೆ, ಉಪ್ಸಾರು ಬಡಿಸಿದಳು. ಜೀವಮಾನದಲ್ಲಿ ನಾನು ಅಷ್ಟು ಕೃತಜ್ಞನಾಗಿದ್ದು ಇನ್ನೊಂದು ದಿನವಿಲ್ಲ. ಆ ಚೊಂಬಿಗೆ, ಆ ಒಲೆಗೆ, ಪಕ್ಕದ ಮನೆಯ ರೇಡಿಯೋದ ಗಲಾಟೆಗೆ, ಎದುರಿಗೆ ಕೂತು ಗದರಿಸುತ್ತಿದ್ದ ಇವಳಿಗೆ ಕೈ ಮುಗಿಯಬೇಕು ಅನ್ನಿಸಿತು. ಬದುಕಿ ಮನೆಗೆ ಬಂದೆನಲ್ಲ ಎಂದು ಅತ್ತೇಬಿಟ್ಟೆ. ಅಳು ನಿಲ್ಲುವ ಮುಂಚೆಯೇ, ಈ ಹೊತ್ತಿಗೆ ಕಾಳಿ ಹೊಳೆಯಿಂದ ಹಿಂದಿರುಗುತ್ತಿರುತ್ತಾಳೆ ಎಂದು ಹೊಳೆಯಿತು. ಅಲ್ಲಿಂದೀಚೆಗೆ ನನ್ನ ಯಾವ ಸುಖವೂ ಪೂರ್ತಿಯಾಗಿ ನನ್ನದಾಗಿಲ್ಲ.

"ನನ್ ಬಾವಿ ನೋಡಿದ್ರಾ?" ಎಂದಳು, ನನ್ನನ್ನು ನಗಿಸಲು.

"ನೋಡಿದೆ."

"ನೀರು ಎಂಗಿತ್ತು?"

"ಸಿಹಿಯಾಗಿತ್ತು" ಎಂದೆ. ಕಾಳಿಯ ಬುರುಡೆಯ ನೀರು ಸಿಹಿಯಾಗಿಯೇ ಇತ್ತು.

ಕಾಲು ಸರಿಹೋದ ಮೇಲೆ ಮೊದಲು ಮಾಡಿದ ಕೆಲಸ, ತಪ್ಪೊಪ್ಪಿಗೆಯ ಕಾಗದ ಬರೆದದ್ದು. ಸದರಿ ಒರತೆ ನನ್ನ ಕಲ್ಪನೆ, ಅದನ್ನು ನಂಬಿ ಇಟ್ಟ ಹಾಡಿಯನ್ನು ಹೊಳೆಯ ಬಳಿಗೆ ಮರಳಿಸಬೇಕು ಎಂದು. ಸಾಹೇಬರು ಎರಡು ಸಲ ಓದಿದರು. ಒಳ್ಳೆಯ ಮನುಷ್ಯರು, ಮುಖ ಸಪ್ಪಗಾಯಿತು.

"ಮೂಲ ಎಲ್ಲಿದೆ ನಂಜಪ್ಪನವರೇ?"

"ಸುಟ್ಟಿದ್ದಾರೆ ಸಾರ್."

"ಹಾಗಾದರೆ ಈಗ ಮೂಲ ಯಾವುದು?"

"ನನ್ನ ನಕಲು."

"ಅದರಲ್ಲಿ ಒರತೆ ಇದೆಯೇ?"

"ಇದೆ."

"ತಾಳೆ ನೋಡಿ ಸಹಿ ಮಾಡಿದವರು?"

"ನಾನು ಸಾರ್."

ಅವರು ಕಾಗದವನ್ನು ನನ್ನ ಕಡೆಗೆ ಸರಿಸಿದರು. "ಮೂಲದಲ್ಲಿ ಇರುವುದನ್ನು ತೆಗೆಯಬೇಕಾದರೆ ಹೊಸ ಸರ್ವೆ ಆಗಬೇಕು. ಆ ಸಾಲು ಉದ್ದ ಇದೆ. ಬೇಕಾದರೆ ಒರತೆಯ ಸ್ಥಿತಿ ಏನು ಎಂದು ಅರಣ್ಯ ಇಲಾಖೆಗೆ ಒಂದು ಕಾಗದ ಬರೆದು ಕೇಳೋಣ. ಇದನ್ನು ಮಾತ್ರ ನೀವು ವಾಪಸು ತಗೊಳ್ಳಿ. ಇನ್ನೆರಡು ವರ್ಷದಲ್ಲಿ ಪಿಂಚಣಿ. ಈ ವಯಸ್ಸಿನಲ್ಲಿ ವಿಚಾರಣೆ ಮೈಮೇಲೆ ಹಾಕೋಬೇಡಿ."

ನಾನು ವಾಪಸು ತೆಗೆದುಕೊಂಡೆ. ಈ ಬರಹದಲ್ಲಿ ಇದೊಂದು ವಾಕ್ಯ ಬರೆಯಲು ನನಗೆ ಮೂರು ದಿನ ಹಿಡಿಯಿತು. ಶಾಯಿ ಚೆಲ್ಲಿದ್ದು ಕೈತಪ್ಪು. ಇದು ಕೈತಪ್ಪಲ್ಲ.

ಸ್ಥಿತಿ ಕೇಳಿದ ಕಾಗದಕ್ಕೆ ಏಳು ತಿಂಗಳ ಮೇಲೆ ಉತ್ತರ ಬಂತು. ನಿಮ್ಮ ಕಚೇರಿಯ ನಕ್ಷೆಯೊಡನೆ ತಾಳೆ ನೋಡಲಾಗಿ ಸದರಿ ಒರತೆ ಇರುವುದು ದೃಢಪಟ್ಟಿದೆ ಎಂದಿತ್ತು. ಅವರು ತಾಳೆ ನೋಡಿದ ಪ್ರತಿಗೆ ನೀಲಿ ತುಂಬಿದವನೂ ನಾನೇ.

ಆ ದಿನ ಗೌರಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವಳು ಹೇಳಿದಳು, "ನೀರಿಲ್ದಿರೋ ಕಡೆ ನನ್ ಹೆಸರಿಟ್ಟು ಬೀದಿಗೆಲ್ಲ ಹೇಳಿಸಿದ್ರಲ್ರೀ. ಆ ಹೆಂಗಸ್ರು ದಿನಾ ನನ್ ಹೆಸರು ಕೂಗ್ತಾವ್ರೆ. ನನ್ ಹೆಸರನ್ನಾದ್ರೂ ಅಲ್ಲಿಂದ ತೆಗೆದ್ಬುಡಿ."

ಹೆಸರು ತೆಗೆಯಲು ಸರ್ವೆ ಬೇಡ, ಹೆಡ್ ಡ್ರಾಫ್ಟ್ಸ್‌ಮನ್ ಸಹಿ ಸಾಕು. ನನ್ನ ಸೇವೆಯ ಕೊನೆಯ ದಿನ ಎಲ್ಲರೂ ಹಾರ ತರಲು ಹೋಗಿದ್ದಾಗ ಆ ಟ್ರೇಸಿಂಗನ್ನು ಮೇಜಿನ ಮೇಲೆ ಹಾಸಿ, ಉಸಿರು ಕಟ್ಟಿ, ಆ ಎರಡು ಪದಗಳನ್ನು ಕೆರೆದೆ. ಚುಕ್ಕಿಯ ಬಳಿ ಬಂದಾಗ ಚಾಕು ನಿಂತಿತು. ಅದನ್ನೂ ಕೆರೆದುಬಿಡಬಹುದಿತ್ತು, ಯಾರೂ ನೋಡುತ್ತಿರಲಿಲ್ಲ. ಹಾಡಿ ಅಲ್ಲಿರುವುದು ಆ ಚುಕ್ಕಿಯ ಬಲದ ಮೇಲೆ. ಅದೂ ಇಲ್ಲದಿದ್ದರೆ ಅಲ್ಲಿಂದಲೂ ಅವರನ್ನು ಎಬ್ಬಿಸಿದರೆ ಎಂದು ಹೆದರಿದೆನೋ, ಸಹಿ ಮಾಡಿದ್ದನ್ನು ಅಳಿಸಲು ಮೂವತ್ತು ವರ್ಷದ ಕೈ ಒಪ್ಪಲಿಲ್ಲವೋ ತಿಳಿಯದು. ಚುಕ್ಕಿ ಉಳಿಯಿತು. ಹೊರಗೆ ಹೋಗಿ ಹಾರ ಹಾಕಿಸಿಕೊಂಡೆ.

ಹೊಸಬರಿಗೆ ನಾನು ಹೇಳಬಹುದಾದದ್ದು ಇಷ್ಟೇ. ಮೂಲದಲ್ಲಿ ತೂತಿದ್ದರೆ ತೂತನ್ನೇ ಬರೆಯಿರಿ. ವಾಪಸು ಬರಲಿ. ಬೈಯಲಿ.

ಮುಗಿಯಿತು ಎಂದುಕೊಂಡಿದ್ದೆ. ಕಳೆದ ವರ್ಷ ದಸರೆಯ ಸಮಯದಲ್ಲಿ ಒಂದು ಬೆಳಗ್ಗೆ ಮಾರ ಬಂದ. ಜೇನು ಮಾರಲು ಮೈಸೂರಿಗೆ ಬಂದವನು ಕೇಳಿಕೊಂಡು ಮನೆ ಹುಡುಕಿದ್ದ. ತಲೆ ನರೆತಿತ್ತು. ಜಗಲಿಯ ಮೇಲೆ ಕೂರು ಎಂದರೆ ಕೂರದೆ ಮೆಟ್ಟಿಲ ಮೇಲೆ ಕೂತ. ಹಾಡಿ ಅಲ್ಲೇ ಇದೆಯೇ ಎಂದು ಕೇಳಿದೆ. ಇದೆ ಎಂದ. ಗುಂಡಿ ಐದಾಗಿದೆಯಂತೆ.

"ಬುದ್ದಿ, ಹೊಸ ನಕ್ಷೇಲಿ ಗೌರವ್ವನ ಹೆಸರೇ ಇಲ್ವಂತೆ. ಬಸವಯ್ಯನೋರು ಹೇಳುದ್ರು. ನೀರದೆಯಂತೆ, ಹೆಸರಿಲ್ವಂತೆ. ನಮ್ ತಾಯಿ ನಮ್ಮನ್ ಬುಟ್ಟು ಎದ್ದೋದ್ಲಾ ಅಂತ ಹಾಡೀಲೆಲ್ಲ ಒಂದೇ ಅಳು. ನಿಮ್ಗೆ ಗೊತ್ತಿರ್‌ಬೌದು ಅಂತ ಕೇಳಾಕೆ ಬಂದೆ."

ನಾನು ಹೇಳಬೇಕಿತ್ತು. ಬಾಯಿ ತೆರೆದೆ. ಅಷ್ಟರಲ್ಲಿ ಗೌರಮ್ಮ ಒಳಗಿನಿಂದ ಚೊಂಬಿನಲ್ಲಿ ನೀರು ತಂದಳು. ಎಲ್ಲ ಕೇಳಿಸಿಕೊಂಡಿದ್ದಳೆಂದು ಮುಖ ನೋಡಿದರೇ ತಿಳಿಯುತ್ತಿತ್ತು. ಮಾರ ಎರಡೂ ಕೈಯಲ್ಲಿ ಚೊಂಬು ಹಿಡಿದು, ಒಂದು ಹನಿಯೂ ಚೆಲ್ಲದ ಹಾಗೆ, ಪೂರ್ತಿ ಕುಡಿದ.

"ತಣ್ಗಾಯ್ತು ಕಣವ್ವ. ನಿನ್ ಹೆಸರೇನವ್ವ?"

ಅವಳು ನನ್ನ ಕಡೆ ನೋಡಿದಳು. ನಾನು ತಲೆ ತಗ್ಗಿಸಿದೆ.

"ಗೌರಿ ಕಣಪ್ಪ" ಎಂದಳು.

ಮಾರ ಒಂದು ಗಳಿಗೆ ಅವಳನ್ನೇ ನೋಡಿದ. ಆಮೇಲೆ ನಕ್ಕುಬಿಟ್ಟ. ಅವನು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಅಂಗಾದ್ರೆ ಇನ್ನೊಂದ್ ಚೊಂಬು ಕೊಡವ್ವ" ಎಂದ.

ಗೌರಮ್ಮ ಚೊಂಬು ತೆಗೆದುಕೊಂಡು ಒಳಗೆ ಹೋದಳು. ಎಷ್ಟು ಹೊತ್ತಾದರೂ ಆಚೆಗೆ ಬರಲಿಲ್ಲ. ನಾನೇ ಎದ್ದು ಹೋಗಿ ನೋಡಿದೆ. ತುಂಬಿದ ಚೊಂಬನ್ನು ಮುಂದಿಟ್ಟುಕೊಂಡು, ಸೆರಗಿನಲ್ಲಿ ಮುಖ ಮುಚ್ಚಿ, ಅಡುಗೆಮನೆಯ ನೆಲದ ಮೇಲೆ ಕೂತಿದ್ದಳು. ನೀರನ್ನು ನಾನೇ ತಂದುಕೊಟ್ಟೆ. ಆಗಲೂ ಹೇಳಲಿಲ್ಲ. ಅವನು ಕುಡಿದು, ಇಬ್ಬರಿಗೂ ಒಳ್ಳೆಯದಾಗಲಿ ಎಂದು ಹರಸಿ ಹೋದ.